ವಾಕಿಂಗ್ ಸರಿ, ಬಸ್ಕಿ ಯಾವಾಗ?

ದಿನಾ ಅರ್ಧ ಗಂಟೆ ವಾಕಿಂಗ್ ತಪ್ಪಿಸದವರೂ ನೆಲದ ಮೇಲೆ ಕೂತರೆ ಏಳುವಾಗ ಗೋಡೆ ಹುಡುಕುತ್ತಾರೆ. ನಡಿಗೆಯಿಂದ ಹೃದಯಕ್ಕೆ ಲಾಭವಿದೆ, ಆದರೆ ತೊಡೆಗೆ ಬಲ ಬರುವುದು ಕಡಿಮೆ. ಸಮತಟ್ಟಾದ ದಾರಿಯಲ್ಲಿ ಮಂಡಿ ಮಡಚುವುದೇ ಸ್ವಲ್ಪ, ಸ್ನಾಯುವಿನ ಮೇಲೆ ಬೀಳುವ ಭಾರವೂ ದಿನಾ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಹೇಳುತ್ತದೆ. ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಂಥ ಬಿರುಸು ನಡಿಗೆ. ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಬೇಕು ಎನ್ನುತ್ತದೆ. ಈ ಎರಡನೆಯ ಮಾತು ಯಾರ ಕಿವಿಗೂ ಬಿದ್ದಂತಿಲ್ಲ.

ಅದಕ್ಕೆ ಜಿಮ್ ಬೇಕಿಲ್ಲ, ಬಸ್ಕಿ ಸಾಕು. ಶಾಲೆಯಲ್ಲಿ ಕಿವಿ ಹಿಡಿದು ಹೊಡೆದದ್ದನ್ನು ಮರೆತುಬಿಡಿ. ಗರಡಿಯವರ ಹಾಗೆ ಹಿಮ್ಮಡಿ ಎತ್ತಿ ಸರಸರನೆ ನೂರು ಹೊಡೆಯುವುದೂ ಹೊಸಬರಿಗಲ್ಲ.

ಸುಮಾರು 45 ಸೆಂ.ಮೀ. ಎತ್ತರದ ಗಟ್ಟಿ ಕುರ್ಚಿಯನ್ನು ಜಾರದಂತೆ ಗೋಡೆಗೆ ಒತ್ತರಿಸಿಡಿ. ಅದಕ್ಕೆ ಬೆನ್ನು ಮಾಡಿ, ಪಾದಗಳನ್ನು ಭುಜದಗಲಕ್ಕೆ ಇಟ್ಟು, ಬೆರಳುಗಳನ್ನು ತುಸು ಹೊರಕ್ಕೆ ತಿರುಗಿಸಿ ನಿಲ್ಲಿ. ಮೊದಲು ಸೊಂಟ ಹಿಂದೆ ಹೋಗಲಿ, ಆಮೇಲೆ ಮಂಡಿ ಮಡಚಲಿ. ಮೂರು ಎಣಿಸುತ್ತಾ ಇಳಿದು, ಕುರ್ಚಿ ತಾಗಿದೊಡನೆ ಭಾರ ಬಿಡದೆ ಏಳಿ. ಇಳಿಯುವಾಗ ಉಸಿರು ಒಳಕ್ಕೆ, ಏಳುವಾಗ ಹೊರಕ್ಕೆ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ. 8 ಬಸ್ಕಿ ಹೊಡೆದು ಒಂದೂವರೆ ನಿಮಿಷ ವಿಶ್ರಾಂತಿ. ಹೀಗೆ ಮೂರು ಸುತ್ತು. ಸೋಮವಾರ ಮಾಡಿದರೆ ಮುಂದಿನದು ಗುರುವಾರ.

ಹೆಚ್ಚಿನವರು ಎಡವುವುದು ಇಳಿಯುವಾಗ. ಕೊನೆಯ ನಾಲ್ಕು ಬೆರಳಷ್ಟು ದೂರ ಇರುವಾಗ ಧೊಪ್ಪನೆ ಕೂತುಬಿಡುತ್ತಾರೆ. ಬಲ ಸಾಲದಿರುವುದು ಅಲ್ಲೇ, ಆದ್ದರಿಂದ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿಕೊಳ್ಳಿ. ಹಿಮ್ಮಡಿ ಮೇಲೇಳುತ್ತಿದ್ದರೆ ಕಣಕಾಲಿನ ಕೀಲು ಬಿಗಿದಿರಬಹುದು, ಅಥವಾ ಸೊಂಟ ಹಿಂದೆ ಹೋಗದೆ ಮಂಡಿಯೇ ಮುಂದೆ ಹೋಗಿರಬಹುದು. ಮಂಡಿಗಳು ಒಳಕ್ಕೆ ವಾಲಿದರೆ ಪಾದದ ಎರಡನೇ ಬೆರಳಿನ ದಿಕ್ಕಿಗೆ ತಳ್ಳಿಹಿಡಿಯಿರಿ. ಮಂಡಿ ಕಾಲ್ಬೆರಳು ದಾಟಲೇಬಾರದು ಎನ್ನುವುದು ಮಾತ್ರ ಸುಮ್ಮನೆ ಹೆದರಿಕೆ. ಉದ್ದ ತೊಡೆಯವರಿಗೆ ಅದು ದಾಟಿಯೇ ದಾಟುತ್ತದೆ.

8ರಿಂದ ಮೆಲ್ಲಗೆ ಏರಿಸುತ್ತಾ ಮೂರೂ ಸುತ್ತಿನಲ್ಲಿ 12 ಸಲೀಸಾಗಿ ಆದಾಗ ಇನ್ನೂ ಎಣಿಕೆ ಏರಿಸುತ್ತಾ ಹೋಗಬೇಡಿ, ಭಾರ ಏರಿಸಿ. 5 ಕೆ.ಜಿ. ಅಕ್ಕಿ ಚೀಲವನ್ನು ಎದೆಗವಚಿಕೊಂಡು ಮತ್ತೆ 8ರಿಂದ ಶುರುಮಾಡಿ. ಮೇಲ್ದೇಹಕ್ಕೆ ಗೋಡೆಗೆ ಕೈಯೂರಿ ಪುಷ್‌ಅಪ್, ಅದೇ ಲೆಕ್ಕದಲ್ಲಿ.

ಮರುದಿನ, ಅದರ ಮರುದಿನ ತೊಡೆ ನೋಯುವುದು ಸಹಜ, ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ. ಕೀಲಿನೊಳಗೆ ಚುಚ್ಚಿದಂತಾದರೆ ಅಥವಾ ಮಂಡಿ ಊದಿಕೊಂಡರೆ ನಿಲ್ಲಿಸಿ ತೋರಿಸಿಕೊಳ್ಳಿ. ಎದೆ ಹಿಡಿದುಕೊಂಡರೆ, ಕಣ್ಣು ಕತ್ತಲಿಟ್ಟರೆ ಆ ಕ್ಷಣವೇ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಹೃದಯದ ತೊಂದರೆ ಇರುವವರು, ಮಂಡಿ ಶಸ್ತ್ರಚಿಕಿತ್ಸೆ ಆದವರು ಶುರುಮಾಡುವ ಮೊದಲೇ ವೈದ್ಯರನ್ನು ಕೇಳಿ.