‘ಏಲಿಯನ್ 3’ ನೋಡಬೇಕಾ, ಬಿಡಬೇಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಾನು ಸೈನ್ಸ್ ಫಿಕ್ಷನ್ ಸಿನಿಮಾಗಳ ಹುಚ್ಚು ಹಿಡಿಸಿಕೊಂಡವನು ಅಂತ ಗೊತ್ತಿರುವವರು ಇವತ್ತಲ್ಲ ನಾಳೆ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅಷ್ಟು ಹೊತ್ತಿಗೆ ಅವರು 1979ರ ‘ಏಲಿಯನ್’ ನೋಡಿ ಹೆದರಿರುತ್ತಾರೆ. 1986ರ ‘ಏಲಿಯನ್ಸ್’ ನೋಡಿ ಕುಣಿದಾಡಿರುತ್ತಾರೆ. ಆಮೇಲೆ ಕೇಳುತ್ತಾರೆ: "ಮೂರನೆಯದು ಡಬ್ಬಾ ಅಂತೆ, ಎಲ್ಲರೂ ಬೈತಾರೆ. ನೋಡಬೇಕಾ, ಎರಡಕ್ಕೇ ನಿಲ್ಲಿಸಬೇಕಾ?"

ನೋಡಿ. ಆದರೆ ಎರಡನೆಯದು ಮುಗಿಸಿದ ಮಾರನೇ ದಿನವೇ ನೋಡಬೇಡಿ. ಕೆಲವು ತಿಂಗಳು ಬಿಡಿ. ನನ್ನ ಉತ್ತರ ಇಷ್ಟೇ. ಯಾಕೆ ಅಂತ ವಿವರಿಸಲು ಮಾತ್ರ ಮೂರೂ ಸಿನಿಮಾಗಳ ಕಥೆ ಹೇಳಬೇಕಾಗುತ್ತದೆ. ಕಥೆ ಗೊತ್ತಾಗಬಾರದು ಅನ್ನುವವರು ಇಲ್ಲಿಗೇ ನಿಲ್ಲಿಸಿ, ನೋಡಿದ ಮೇಲೆ ಬನ್ನಿ.

ಜನರ ಸಿಟ್ಟು ಅರ್ಥವಾಗಬೇಕಾದರೆ ಎರಡನೇ ಸಿನಿಮಾದ ಕೊನೆಯನ್ನು ನೆನಪಿಸಿಕೊಳ್ಳಬೇಕು. ಈ ಸಿನಿಮಾಗಳ ನಾಯಕಿ ರಿಪ್ಲಿ ಐವತ್ತೇಳು ವರ್ಷ ಬಾಹ್ಯಾಕಾಶದಲ್ಲಿ ನಿದ್ದೆಯಲ್ಲೇ ತೇಲಿದವಳು. ಎಚ್ಚರವಾದಾಗ ಅವಳ ಮಗಳು ಮುದುಕಿಯಾಗಿ ಸತ್ತೂ ಹೋಗಿರುತ್ತಾಳೆ. ಥಿಯೇಟರ್‌ಗೆ ಬಂದ ಪ್ರಿಂಟ್‌ನಲ್ಲಿ ಈ ದೃಶ್ಯ ಇರಲಿಲ್ಲ, ಆಮೇಲೆ ಬಂದ ಉದ್ದನೆಯ ಆವೃತ್ತಿಯಲ್ಲಿದೆ. ಅಂಥವಳಿಗೆ ಹಾಳುಬಿದ್ದ ಕಾಲೊನಿಯಲ್ಲಿ ನ್ಯೂಟ್ ಅನ್ನೋ ಪುಟ್ಟ ಹುಡುಗಿ ಸಿಗುತ್ತಾಳೆ. ಅಪ್ಪ ಅಮ್ಮ, ಊರವರು ಎಲ್ಲರೂ ಸತ್ತಿದ್ದಾರೆ. ಈ ಮಗು ಗಾಳಿ ಕೊಳವೆಗಳಲ್ಲಿ ನುಸುಳಿಕೊಂಡು ಬದುಕಿದೆ. ಕೈಯಲ್ಲಿ ಒಂದು ಗೊಂಬೆಯ ತಲೆ. ಬರೀ ತಲೆ, ಮೈ ಇಲ್ಲ.

ಕೊನೆಯಲ್ಲಿ ಆ ಮಗುವನ್ನು ಏಲಿಯನ್‌ಗಳು, ಅಂದರೆ ಮನುಷ್ಯರ ಮೈಯೊಳಗೆ ಬೆಳೆದು ಎದೆ ಸೀಳಿ ಹೊರಬರುವ ಜಂತುಗಳು, ಎತ್ತಿಕೊಂಡು ಹೋಗುತ್ತವೆ. ಇಡೀ ಜಾಗ ಸ್ಫೋಟವಾಗಲು ಕೆಲವೇ ನಿಮಿಷ ಬಾಕಿ. ಬೇರೆ ಯಾರಾದರೂ ಆಗಿದ್ದರೆ ಹೊರಟುಬಿಡುತ್ತಿದ್ದರು. ರಿಪ್ಲಿ ಲಿಫ್ಟ್ ಹತ್ತಿ ಕೆಳಗಿಳಿಯುತ್ತಾಳೆ. ಇಳಿಯುವ ಮುಂಚೆಯೇ ಬಂದೂಕನ್ನೂ ಬೆಂಕಿ ಉಗುಳುವ ಆಯುಧವನ್ನೂ ಟೇಪ್ ಸುತ್ತಿ ಒಂದು ಮಾಡಿಕೊಂಡಿರುತ್ತಾಳೆ. ಕೈ ನಡುಗುವುದಿಲ್ಲ. ಮುಖದಲ್ಲಿ ಮಾತ್ರ ಭಯ ಎದ್ದು ಕಾಣುತ್ತದೆ. ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಪ್ರತಿ ಸಲ ಎದೆ ಬಿಗಿಯುತ್ತದೆ. ಮಗುವನ್ನು ಎತ್ತಿಕೊಂಡು ಬಂದ ಮೇಲೆ ಅದು ಅವಳನ್ನು ಅಮ್ಮ ಅಂತ ಕರೆಯುತ್ತದೆ. ಮಲಗುವ ಮುಂಚೆ, ಕನಸು ಕಾಣಬಹುದಾ ಅಂತ ಕೇಳುತ್ತದೆ. ಇಬ್ಬರೂ ಕಾಣಬಹುದು ಅನ್ನುತ್ತಾಳೆ ರಿಪ್ಲಿ. ಪಕ್ಕದಲ್ಲಿ ಗಾಯಗೊಂಡ ಸೈನಿಕ ಹಿಕ್ಸ್ ಮಲಗಿದ್ದಾನೆ. ಮೂವರೂ ಮನೆಗೆ ಹೊರಟಿದ್ದಾರೆ.

ಜನ ಈ ಚಿತ್ರವನ್ನು ಮನಸ್ಸಲ್ಲಿಟ್ಟುಕೊಂಡು ಆರು ವರ್ಷ ಕಾದರು.

1992ರ ಮೇ ತಿಂಗಳಲ್ಲಿ ‘ಏಲಿಯನ್ 3’ ಬಂತು. ಹೆಸರುಗಳು ಬರುತ್ತಿರುವಾಗಲೇ ನಡುನಡುವೆ ತುಂಡು ತುಂಡಾಗಿ ಕಾಣಿಸುತ್ತದೆ: ಹಡಗಿನಲ್ಲಿ ಒಂದು ಮೊಟ್ಟೆ, ಬಿರುಕು ಬಿಟ್ಟ ಗಾಜು, ಬೆಂಕಿ. ಮಲಗಿದ್ದವರ ಸಮೇತ ರಕ್ಷಣಾ ನೌಕೆ ಕಳಚಿಕೊಂಡು ಜೈಲು ಗ್ರಹವೊಂದಕ್ಕೆ ಬೀಳುತ್ತದೆ. ರಿಪ್ಲಿ ಕಣ್ಣು ಬಿಟ್ಟು, ಉಳಿದವರೆಲ್ಲಿ ಅಂತ ಕೇಳುತ್ತಾಳೆ. ಜೈಲಿನ ಡಾಕ್ಟರ್ ಹೇಳುತ್ತಾನೆ, ಯಾರೂ ಉಳಿಯಲಿಲ್ಲ. ಹಿಕ್ಸ್ ಸತ್ತ. ನ್ಯೂಟ್ ಮಲಗಿದ್ದ ಗಾಜಿನ ಪೆಟ್ಟಿಗೆಯೊಳಗೇ ನೀರಿನಲ್ಲಿ ಮುಳುಗಿ ಸತ್ತಳು. ಅಷ್ಟೇ.

ನಾನು ಮೊದಲ ಸಲ ಇವೆರಡನ್ನೂ ಹಿಂದೆ ಮುಂದೆ ಎರಡು ದಿನಗಳಲ್ಲಿ ನೋಡಿದ್ದೆ. ಆ ಮಾತು ಕೇಳಿದ ಮೇಲೆ ಉಳಿದ ಸಿನಿಮಾ ನನ್ನ ಕಣ್ಣ ಮುಂದೆ ಓಡಿತೇ ಹೊರತು ತಲೆಗೆ ಹೋಗಲಿಲ್ಲ. ಸಿಟ್ಟು ಬಂತು. ಎರಡನೇ ಸಿನಿಮಾದಲ್ಲಿ ಅವಳು ಜೀವ ಒತ್ತೆಯಿಟ್ಟು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ ಅನ್ನಿಸಿತು. ನಿರ್ದೇಶಕರ ಮೇಲೆ ಬಂದ ಸಿಟ್ಟು ಅಂತ ಅಂದುಕೊಂಡಿದ್ದೆ. ತುಂಬಾ ದಿನ ಕಳೆದ ಮೇಲೆ ಹೊಳೆಯಿತು, ಅದು ದುಃಖ. ಒಂದು ಮಗು ಸತ್ತಿತ್ತು, ಅಳುವುದಕ್ಕೆ ಯಾರೂ ನನಗೆ ಒಂದು ನಿಮಿಷ ಕೊಟ್ಟಿರಲಿಲ್ಲ.

ಪ್ರೀತಿಯ ಪಾತ್ರ ಸತ್ತರೆ ಜನ ಸಿಟ್ಟಾಗುತ್ತಾರೆ, ಅವರಿಗೆ ಸುಖಾಂತ್ಯವೇ ಬೇಕು ಅಂತ ಕೆಲವರು ವಾದ ಮಾಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. 1982ರ ಎರಡನೇ ‘ಸ್ಟಾರ್ ಟ್ರೆಕ್’ ಸಿನಿಮಾ ನೆನಪಿಸಿಕೊಳ್ಳಿ. ಅದರ ಮುಖ್ಯ ಪಾತ್ರಗಳಲ್ಲೊಬ್ಬನಾದ ಸ್ಪಾಕ್ ಸಾಯುತ್ತಾನಂತೆ ಅನ್ನೋ ಸುದ್ದಿ ಮೊದಲೇ ಹೊರಬಿದ್ದು ಅಭಿಮಾನಿಗಳು ರೊಚ್ಚಿಗೆದ್ದಿದ್ದರು. ಸಿನಿಮಾ ಬಂತು. ಸ್ಪಾಕ್ ಸತ್ತೇ ಬಿಟ್ಟ. ಜನ ಅತ್ತರು, ಆದರೆ ಆ ಸಿನಿಮಾವನ್ನು ತಲೆಯ ಮೇಲೆ ಹೊತ್ತುಕೊಂಡರು. ಯಾಕೆಂದರೆ ಅವನು ಹಡಗು ಉಳಿಸಲು ತಾನಾಗಿಯೇ ವಿಕಿರಣ ತುಂಬಿದ ಕೋಣೆಗೆ ಹೋಗುತ್ತಾನೆ. ಗಾಜಿನ ಆ ಕಡೆ ಅವನು, ಈ ಕಡೆ ಗೆಳೆಯ ಕರ್ಕ್. ಇಬ್ಬರೂ ಗಾಜಿನ ಮೇಲೆ ಕೈ ಇಡುತ್ತಾರೆ. ಕೊನೆಯ ಮಾತು ಆಡುತ್ತಾರೆ. ಆಮೇಲೆ ಅಂತ್ಯಕ್ರಿಯೆ ನಡೆಯುತ್ತದೆ. ನೋಡುತ್ತಿದ್ದವರಿಗೆ ಬೀಳ್ಕೊಡಲು ಸಮಯ ಸಿಕ್ಕಿತು.

ನ್ಯೂಟ್ ಸತ್ತದ್ದು ಎರಡು ಸಿನಿಮಾಗಳ ನಡುವಿನ ಸಂದಿಯಲ್ಲಿ. ಯಾರನ್ನೋ ಉಳಿಸಲು ಹೋಗಿ ಅಲ್ಲ, ಯಾರದೋ ನಿರ್ಧಾರದಿಂದಲೂ ಅಲ್ಲ. ಹಿಕ್ಸ್‌ನದಂತೂ ಇನ್ನೂ ಕಷ್ಟ, ಅವನ ಮುಖ ಪರದೆಯ ಮೇಲೆ ಬರುವುದೇ ಒಂದು ಫೋಟೋ ಆಗಿ. ಎರಡನೇ ಸಿನಿಮಾ ಮಾಡಿದ ಜೇಮ್ಸ್ ಕ್ಯಾಮರೂನ್ ಕೂಡ ಇದು ಅಭಿಮಾನಿಗಳ ಕೆನ್ನೆಗೆ ಹೊಡೆದಂತೆ ಎಂಬರ್ಥದ ಮಾತಾಡಿದ್ದರು. ನ್ಯೂಟ್ ಪಾತ್ರ ಮಾಡಿದ ಕ್ಯಾರಿ ಹೆನ್ ಅಷ್ಟು ಹೊತ್ತಿಗೆ ಬೆಳೆದು ದೊಡ್ಡವರಾಗಿದ್ದರು, ಬೇರೆ ದಾರಿ ಇರಲಿಲ್ಲ ಅಂತ ಸಮರ್ಥನೆ ಕೊಡುವವರಿದ್ದಾರೆ. ದಾರಿ ಇತ್ತು. ಮಗು ಎಲ್ಲೋ ಬದುಕಿದೆ ಅಂತ ಒಂದು ಮಾತಿನಲ್ಲಿ ಹೇಳಿದ್ದರೂ ಸಾಕಿತ್ತು.

ಇದರ ಜೊತೆಗೆ ಟೀಸರ್‌ನ ಕಥೆಯೂ ಇದೆ. ಮೊದಲ ಸಿನಿಮಾದ ಪೋಸ್ಟರ್ ಮೇಲೆ ಇದ್ದ ಮಾತು ನಿಮಗೆ ಗೊತ್ತಿರಬಹುದು: ಬಾಹ್ಯಾಕಾಶದಲ್ಲಿ ನಿಮ್ಮ ಚೀರಾಟ ಯಾರಿಗೂ ಕೇಳಿಸುವುದಿಲ್ಲ. 1991ರಲ್ಲಿ ಮೂರನೆಯದಕ್ಕೆ ಬಿಟ್ಟ ಟೀಸರ್ ಅದನ್ನೇ ತಿರುಗಿಸಿ, ಭೂಮಿಯ ಮೇಲೆ ಎಲ್ಲರಿಗೂ ಕೇಳಿಸುತ್ತದೆ ಅಂದಿತು. ಅಂದರೆ ಈ ಸಲ ಜಂತು ಭೂಮಿಗೆ ಬರುತ್ತದೆ ಅಂತ ಜನ ತಿಳಿದರು. ಬಂದ ಸಿನಿಮಾದಲ್ಲಿ ಭೂಮಿಯೇ ಇಲ್ಲ. ಇರುವುದು ದೂರದ ಒಂದು ಗ್ರಹ, ಸೀಸ ಕರಗಿಸುವ ಕುಲುಮೆಗಳು, ತಲೆ ಬೋಳಿಸಿದ ಕೈದಿಗಳು. ಒಬ್ಬರ ಕೈಯಲ್ಲೂ ಬಂದೂಕಿಲ್ಲ. ಎರಡನೆಯದರ ಯುದ್ಧದ ರುಚಿ ಹತ್ತಿದವರಿಗೆ ಇದು ಬೇರೆಯೇ ಸಿನಿಮಾ ಅನ್ನಿಸಿದ್ದರಲ್ಲಿ ತಪ್ಪಿಲ್ಲ.

ಇಷ್ಟು ಅಸ್ತವ್ಯಸ್ತ ಆದದ್ದಕ್ಕೆ ತೆರೆಯ ಹಿಂದಿನ ಕಾರಣಗಳಿವೆ. ಕಾದಂಬರಿಕಾರ ವಿಲಿಯಂ ಗಿಬ್ಸನ್ ಬರೆದ ಸ್ಕ್ರಿಪ್ಟ್‌ನಲ್ಲಿ ಹಿಕ್ಸ್‌ಗೆ ದೊಡ್ಡ ಪಾತ್ರವಿತ್ತು. ಅದನ್ನು ಕೈಬಿಟ್ಟರು. ಆಮೇಲೆ ಇನ್ನೂ ಕೆಲವರು ಬರೆದರು. ವಿನ್ಸೆಂಟ್ ವಾರ್ಡ್ ಅನ್ನುವ ನಿರ್ದೇಶಕರು ಮರದಿಂದ ಮಾಡಿದ ಗ್ರಹ, ಅದರಲ್ಲಿ ಸನ್ಯಾಸಿಗಳು ಅನ್ನೋ ಕಥೆ ತಂದರು. ಅವರೂ ಹೊರಟುಹೋದರು. ಸನ್ಯಾಸಿಗಳು ಕೈದಿಗಳಾದರು, ಮಠ ಜೈಲಾಯ್ತು. ಸ್ಕ್ರಿಪ್ಟ್ ಮುಗಿಯುವ ಮುಂಚೆಯೇ ಶೂಟಿಂಗ್ ಶುರುವಾಯ್ತು. ಇದೆಲ್ಲ ಹೊತ್ತುಕೊಂಡವರು ಡೇವಿಡ್ ಫಿಂಚರ್. ಅದು ಅವರ ಮೊದಲನೇ ಸಿನಿಮಾ, ಅಲ್ಲಿಯವರೆಗೆ ಜಾಹೀರಾತು, ಮ್ಯೂಸಿಕ್ ವಿಡಿಯೋ ಮಾಡಿಕೊಂಡಿದ್ದವರು. ಸ್ಟುಡಿಯೋ ಜೊತೆ ಜಗಳವಾಡಿ ಸಾಕಾಗಿ, ಈ ಸಿನಿಮಾವನ್ನು ತನಗಿಂತ ಜಾಸ್ತಿ ದ್ವೇಷಿಸುವವರು ಯಾರೂ ಇಲ್ಲ ಅಂತ ಮುಂದೆ ಹೇಳಿಕೊಂಡರು. ‘ಏಲಿಯನ್ಸ್’ ಅಮೆರಿಕದಲ್ಲಿ ಸುಮಾರು 8.5 ಕೋಟಿ ಡಾಲರ್ ಗಳಿಸಿತ್ತು. ಇದು ಅಲ್ಲಿ ಸುಮಾರು 5.5 ಕೋಟಿಗೆ ನಿಂತಿತು. ಬೇರೆ ದೇಶಗಳಲ್ಲಿ ಚೆನ್ನಾಗಿಯೇ ಓಡಿತು. ಹಾಗಾಗಿ ತೋಪು ಅಂತ ಹೇಳುವಂತಿಲ್ಲ, ಕೆಟ್ಟ ಹೆಸರು ಮಾತ್ರ ಉಳಿಯಿತು.

ಬೇರೆ ದೂರುಗಳಲ್ಲಿ ಕೆಲವು ನಿಜ. ಎಲ್ಲರೂ ತಲೆ ಬೋಳಿಸಿಕೊಂಡು ಒಂದೇ ಥರದ ಬಟ್ಟೆ ಹಾಕಿದ್ದಾರೆ. ಕತ್ತಲೆ ಸುರಂಗಗಳಲ್ಲಿ ಓಡುವಾಗ ಯಾರು ಸತ್ತರು, ಯಾರು ಉಳಿದರು ಅಂತ ಗೊತ್ತಾಗುವುದಿಲ್ಲ. ಓಡುವ ಜಂತುವಿನ ಸುತ್ತ ಅಂಚು ಎದ್ದು ಕಾಣುತ್ತದೆ, ಅಂಟಿಸಿದ ಹಾಗೆ. ಅದನ್ನು ಕಂಪ್ಯೂಟರ್‌ನಲ್ಲಿ ಮಾಡಿದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಅದು ಕೋಲುಗಳಿಂದ ಆಡಿಸಿದ ಗೊಂಬೆ. ಬೇರೆಯಾಗಿ ಚಿತ್ರೀಕರಿಸಿ ದೃಶ್ಯದೊಳಗೆ ಸೇರಿಸಿದ್ದಾರೆ, ಹೊಂದಿಕೆಯಾಗಿಲ್ಲ. ಡಾಕ್ಟರ್ ಕ್ಲೆಮೆನ್ಸ್ ಮೇಲೆ ನಮಗೆ ಇನ್ನೇನು ವಿಶ್ವಾಸ ಹುಟ್ಟಿತು ಅನ್ನುವಾಗ ಅವನನ್ನೂ ಕೊಂದುಬಿಡುತ್ತಾರೆ. ಅಲ್ಲಿಗೆ ತುಂಬಾ ಜನ ಸೋತುಹೋಗುತ್ತಾರೆ, ಇನ್ನು ಯಾರನ್ನೂ ಹಚ್ಚಿಕೊಳ್ಳುವುದಿಲ್ಲ ಅಂತ.

ಇಷ್ಟೆಲ್ಲ ಹೇಳಿಯೂ ನೋಡಿ ಅನ್ನುತ್ತಿರುವುದು ಒಂದು ದೃಶ್ಯಕ್ಕಾಗಿ.

ನ್ಯೂಟ್ ಮಲಗಿದ್ದ ಪೆಟ್ಟಿಗೆಯ ಮೇಲೆ ಆಮ್ಲದಿಂದ ಸುಟ್ಟ ಗುರುತು ರಿಪ್ಲಿಯ ಕಣ್ಣಿಗೆ ಬೀಳುತ್ತದೆ. ಆ ಜಂತುವಿನ ರಕ್ತವೇ ಆಮ್ಲ. ಜಂತು ಮಗುವಿನ ಒಳಗೆ ಸೇರಿರಬಹುದಾ ಅನ್ನೋ ಅನುಮಾನ. ಶವಾಗಾರಕ್ಕೆ ಹೋಗಿ ಮಗುವಿನ ಮುಖ ನೋಡುತ್ತಾಳೆ, ಮುಟ್ಟುತ್ತಾಳೆ. ಆಮೇಲೆ ಡಾಕ್ಟರ್‌ಗೆ ಹೇಳುತ್ತಾಳೆ, ಪೋಸ್ಟ್‌ಮಾರ್ಟಮ್ ಮಾಡಿ. ಕಾರಣ ಕೇಳಿದರೆ ಕಾಲರಾ ಇರಬಹುದು ಅಂತ ಸುಳ್ಳು ಹೇಳುತ್ತಾಳೆ. ಅವನು ಶುರು ಮಾಡುತ್ತಾನೆ. ಮಗುವಿನ ಮೈ ನಮಗೆ ಕಾಣುವುದೇ ಕಡಿಮೆ. ಉಪಕರಣಗಳ ಸದ್ದು ಕೇಳುತ್ತದೆ. ಜಾಸ್ತಿ ಕಾಣುವುದು ರಿಪ್ಲಿ ಪಾತ್ರ ಮಾಡಿದ ಸಿಗೋರ್ನಿ ವೀವರ್ ಅವರ ಮುಖ. ಎದೆಯನ್ನೂ ತೆರೆಯಿರಿ ಅನ್ನುತ್ತಾಳೆ. ತೆರೆಯುವಾಗ ಅವಳ ಮುಖದಲ್ಲಿ ಎರಡು ಬೇರೆ ಬೇರೆ ಭಯ ಒಟ್ಟಿಗೆ ಓಡುತ್ತವೆ. ಒಳಗೆ ಏನಾದರೂ ಇದ್ದರೆ ಅನ್ನೋದು ಒಂದು. ಏನೂ ಇಲ್ಲದಿದ್ದರೆ ತನ್ನ ಮಗುವನ್ನು ಸುಮ್ನೆ ಕೊಯ್ಯಿಸಿದ ಹಾಗಾಗುತ್ತದೆ ಅನ್ನೋದು ಇನ್ನೊಂದು. ಏನೂ ಇರುವುದಿಲ್ಲ.

ಆಮೇಲೆ ಹಿಕ್ಸ್ ಮತ್ತು ನ್ಯೂಟ್ ಇಬ್ಬರ ದೇಹಗಳನ್ನು ಬಟ್ಟೆ ಸುತ್ತಿ ಕುಲುಮೆಗೆ ಹಾಕುತ್ತಾರೆ. ಡಿಲನ್ ಅನ್ನೋ ಕೈದಿ ನಾಲ್ಕು ಮಾತಾಡುತ್ತಾನೆ. ಅಪರಿಚಿತ ಮಗುವಿನ ಮುಂದೆ ಕೊಲೆಗಡುಕರು ತಲೆ ತಗ್ಗಿಸಿ ನಿಲ್ಲುತ್ತಾರೆ. ಜಂತುವಿನ ಸಿನಿಮಾವೊಂದು ಒಂದು ಸಾವಿನ ಪಕ್ಕದಲ್ಲಿ ಇಷ್ಟು ಹೊತ್ತು ಕೂರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಕಳೆದುಕೊಂಡೆ ಅಂದುಕೊಂಡಿದ್ದ ಆ ಒಂದು ನಿಮಿಷ ಸಿನಿಮಾದೊಳಗೇ ಇತ್ತು. ಮೊದಲ ಸಲ ಸಿಟ್ಟಿನಲ್ಲಿ ಕೂತಿದ್ದರಿಂದ ಕಂಡಿರಲಿಲ್ಲ. ಒಂದು ವರ್ಷ ಬಿಟ್ಟು ನೋಡಿದಾಗ ಕಂಡಿತು. ನೀವೂ ಸ್ವಲ್ಪ ಕಾಲ ಬಿಡಿ ಅಂತ ಹೇಳುವುದು ಇದಕ್ಕೇ.

ಯಾವ ಆವೃತ್ತಿ ನೋಡಬೇಕು ಅನ್ನೋದು ಮುಂದಿನ ಪ್ರಶ್ನೆ. 2003ರಲ್ಲಿ ಡಿವಿಡಿಯಲ್ಲಿ ಬಂದ ‘ಅಸೆಂಬ್ಲಿ ಕಟ್’ ನೋಡಿ. ಅದು ಸುಮಾರು ಅರ್ಧ ಗಂಟೆ ಜಾಸ್ತಿ ಇದೆ. ಫಿಂಚರ್ ಅದರಲ್ಲೂ ಕೈ ಹಾಕಲಿಲ್ಲ, ಬೇರೆಯವರು ಜೋಡಿಸಿದ್ದು. ಆದರೂ ಕಥೆ ಅಲ್ಲಿ ಉಸಿರಾಡುತ್ತದೆ. ಗಾಲಿಕ್ ಅನ್ನೋ ಕೈದಿಯ ವಿಷಯವನ್ನೇ ತೆಗೆದುಕೊಳ್ಳಿ. ಥಿಯೇಟರ್ ಪ್ರಿಂಟ್‌ನಲ್ಲಿ ಅವನು ಅರ್ಧದಲ್ಲೇ ಮಾಯವಾಗುತ್ತಾನೆ, ಏನಾದ ಅಂತ ಯಾರೂ ಹೇಳುವುದಿಲ್ಲ. ಅಸಲಿಗೆ ಕೈದಿಗಳು ಜಂತುವನ್ನು ಒಂದು ಕಡೆ ಕೂಡಿಹಾಕಿ ಗೆದ್ದಿರುತ್ತಾರೆ. ಗಾಲಿಕ್ ಹೋಗಿ ಬಾಗಿಲು ತೆಗೆದುಬಿಡುತ್ತಾನೆ. ಇಷ್ಟು ದೊಡ್ಡ ತಿರುವನ್ನೇ ಕತ್ತರಿಸಿ ತೆಗೆದಿದ್ದರು. 1992ರಲ್ಲಿ ಕಥೆ ಅರ್ಥವಾಗಲಿಲ್ಲ ಅಂದವರದ್ದು ಏನು ತಪ್ಪು, ಹೇಳಿ.

ಜನರಿಗೆ ಆ ನೋವು ಇನ್ನೂ ಹೋಗಿಲ್ಲ. 2015ರಲ್ಲಿ ನಿರ್ದೇಶಕ ನೀಲ್ ಬ್ಲೋಮ್‌ಕಾಂಪ್ ಹೊಸ ಸಿನಿಮಾಕ್ಕಾಗಿ ಮಾಡಿಸಿದ್ದ ಚಿತ್ರಗಳನ್ನು ಹಂಚಿಕೊಂಡರು. ಅದರಲ್ಲಿ ರಿಪ್ಲಿಯ ಜೊತೆ ವಯಸ್ಸಾದ ಹಿಕ್ಸ್ ಇದ್ದ. ಅಭಿಮಾನಿಗಳು ಹುಚ್ಚೆದ್ದು ಸಂಭ್ರಮಿಸಿದರು. ಆ ಸಿನಿಮಾ ಆಗಲೇ ಇಲ್ಲ. 2019ರಲ್ಲಿ ಗಿಬ್ಸನ್ ಅವರ ಹಳೇ ಸ್ಕ್ರಿಪ್ಟ್ ಆಡಿಯೋ ನಾಟಕವಾಗಿ ಬಂತು, ಹಿಕ್ಸ್ ಪಾತ್ರಕ್ಕೆ ‘ಏಲಿಯನ್ಸ್’ನಲ್ಲಿ ಆ ಪಾತ್ರ ಮಾಡಿದ್ದ ಮೈಕಲ್ ಬೀನ್ ಅವರೇ ದನಿ ಕೊಟ್ಟರು. ನಾನೂ ಕೇಳಿದೆ. ಆ ದನಿ ಕೇಳಿ ಖುಷಿಯಾಯ್ತು. ಆದರೆ ಶವಾಗಾರದ ಆ ಮುಖ ಅದರಿಂದ ಅಳಿಸಿಹೋಗಲಿಲ್ಲ. ಅಳಿಸಿಹೋಗಲಿ ಅಂತ ನನಗೆ ಅನ್ನಿಸಲೂ ಇಲ್ಲ.

ನೀವು ನೋಡಲು ಕೂತಾಗ ಒಂದು ಮಾತು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ರಿಪ್ಲಿ ಕುಲುಮೆಗೆ ಹಾರಿದ ಮೇಲೆ ಸಿನಿಮಾ ಮುಗಿಯಿತು ಅಂತ ಎದ್ದುಬಿಡಬೇಡಿ. ಜೈಲಿನ ಬಾಗಿಲು ಹಾಕುತ್ತಾರೆ. ಕ್ಯಾಮೆರಾ ಒಡೆದು ಬಿದ್ದ ಆ ಪುಟ್ಟ ನೌಕೆಯ ಒಳಗೆ ಹೋಗುತ್ತದೆ. ಅಲ್ಲಿ ಯಾರೂ ಇಲ್ಲ. ಮೊದಲನೇ ಸಿನಿಮಾದ ಕೊನೆಗೆ ರಿಪ್ಲಿ ದಾಖಲಿಸಿದ್ದ ಸಂದೇಶ ಆ ಕತ್ತಲಲ್ಲಿ ತಾನಾಗಿ ಕೇಳಿಸುತ್ತದೆ, ನಾಸ್ಟ್ರೋಮೋ ಹಡಗಿನಲ್ಲಿ ಬದುಕಿ ಉಳಿದವಳು ನಾನೊಬ್ಬಳೇ ಅಂತ. ಆ ದನಿ ನಿಲ್ಲುವವರೆಗೂ ಕೂತಿರಿ.