ದಾವಣಗೆರೆಯಿಂದ ವಂಡರ್‌ಲಾ: ರೂಮು ಯಾವ ರಾತ್ರಿಗೆ ಹಾಕಬೇಕು?

ನಮ್ಮೂರ ಕಡೆಯಿಂದ ಬೆಂಗಳೂರಿನ ಆಚೆ ಬಿಡದಿ ಹತ್ತಿರ ಇರುವ ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೋಗುವ ಬಹಳಷ್ಟು ಜನ ಒಂದೇ ದಿನದಲ್ಲಿ ಮುಗಿಸಿ ಬರುತ್ತಾರೆ. ಬೆಳಗಿನ ಜಾವ ಟಿಟಿ (ಟೆಂಪೊ ಟ್ರಾವೆಲರ್) ಹತ್ತುವುದು, ಗೇಟು ತೆಗೆಯುವ ಹೊತ್ತಿಗೆ ಮುಂದೆ ನಿಲ್ಲುವುದು, ಕತ್ತಲಾಗುವವರೆಗೆ ನೀರಲ್ಲಿ ಆಡಿ ಒದ್ದೆ ತಲೆಯಲ್ಲೇ ವಾಪಸ್ ಗಾಡಿ ಹತ್ತುವುದು, ನಡುರಾತ್ರಿ ಕಳೆದ ಮೇಲೆ ಮನೆ ಸೇರುವುದು. ಇದು ಬೇಡ. ಬೇಕಿದ್ದರೆ ಬೇರೆ ಖರ್ಚು ಕಡಿಮೆ ಮಾಡಿ, ಆದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಆ ಒಂದು ರಾತ್ರಿ ಪಾರ್ಕಿಗೆ ಹೋಗುವ ಹಿಂದಿನ ರಾತ್ರಿಯಲ್ಲ, ಪಾರ್ಕಿನಲ್ಲಿ ಆಡಿ ಮುಗಿಸಿದ ದಿನದ ರಾತ್ರಿ ಆಗಿರಲಿ.

ಬಹಳ ಮಂದಿ ಉಲ್ಟಾ ಯೋಚಿಸುತ್ತಾರೆ. ಹಿಂದಿನ ದಿನವೇ ಹೋಗಿ ಮಲಗಿದರೆ ಬೆಳಿಗ್ಗೆ ಫ್ರೆಶ್ಶಾಗಿ ಆಡಬಹುದು ಅನ್ನುವ ಲೆಕ್ಕ. ಎರಡು ರಾತ್ರಿಗೆ ದುಡ್ಡಿದ್ದರೆ ಖಂಡಿತ ಹಾಗೇ ಮಾಡಿ. ಒಂದೇ ರಾತ್ರಿ ಅಂದಾಗ ಮಾತ್ರ ಈ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಐದಕ್ಕೆ ದಾವಣಗೆರೆ ಬಿಟ್ಟು ಸುಮಾರು 280 ಕಿ.ಮೀ. ಹೋಗುವುದು ಮಲಗಿ ಎದ್ದ ಡ್ರೈವರ್‌ಗೆ ಕಷ್ಟವಲ್ಲ. ದಿನವಿಡೀ ನೀರಿನಲ್ಲಿದ್ದು ಬಂದವರಿಗೆ ಬರುವ ನಿದ್ದೆ ಬೇರೆ ತರದ್ದು, ಅದನ್ನು ಟೀ ಕುಡಿದು ತಡೆಯಲಾಗುವುದಿಲ್ಲ. ರಾತ್ರಿ ಹೊತ್ತು ಶಿರಾ ದಾಟಿ ಹಿರಿಯೂರು ಕಡೆ ಬರುವಾಗ ಹೆದ್ದಾರಿ ಪಕ್ಕದಲ್ಲಿ ಲೈಟಿಲ್ಲದೆ ನಿಂತ ಲಾರಿಗಳನ್ನು ನೋಡಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆ ದಾರಿಯಲ್ಲಿ ಬರುವ ಧೈರ್ಯ ನನಗಂತೂ ಇಲ್ಲ.

ನಾವು ಹೋದದ್ದು ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು, ಅಮ್ಮ, ಜೊತೆಗೆ ಅಕ್ಕ-ಭಾವ ಮತ್ತು ಅವರ ಕಾಲೇಜು ಓದುವ ಮಗ. ಇಂಥ ಮೂರು ತಲೆಮಾರಿನ ಗುಂಪಿಗೆ ಪಾರ್ಕಿನ ಪಕ್ಕದಲ್ಲೇ ಇರುವ ವಂಡರ್‌ಲಾ ರೆಸಾರ್ಟ್ ಸರಿ ಅನ್ನುವುದು ನನ್ನ ಅಭಿಪ್ರಾಯ. ಬರೀ ಗೆಳೆಯರು ಹೋಗುವುದಾದರೆ ಬಿಡದಿಯಲ್ಲೋ ಕೆಂಗೇರಿಯಲ್ಲೋ ಒಂದು ಲಾಡ್ಜ್ ಸಾಕು, ರೆಸಾರ್ಟಿನ ದುಡ್ಡು ಉಳಿಸಿ.

ರೆಸಾರ್ಟಿನ ಬಗ್ಗೆ ಎರಡು ಮಾತು. ವಿ-ಗಾರ್ಡ್ ಸ್ಟೆಬಿಲೈಸರ್ ಕಂಪನಿ ಕಟ್ಟಿದ ಕೊಚೌಸೆಫ್ ಚಿಟ್ಟಿಲಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಹೆಸರಿನಲ್ಲಿ ಮೊದಲ ಪಾರ್ಕ್ ತೆರೆದರು. ಬಿಡದಿ ಹತ್ತಿರದ ನಮ್ಮ ಪಾರ್ಕ್ 2005ರಲ್ಲಿ ಬಂತು. ರೆಸಾರ್ಟ್ 2012ರದ್ದು. ಅಲ್ಲಿರುವುದು 84 ರೂಮು ಮಾತ್ರ. ಪಾರ್ಕಿಗೆ ದಿನಕ್ಕೆ ಸಾವಿರಾರು ಜನ ಬರುವಾಗ 84 ರೂಮು ಎಷ್ಟು ಹೊತ್ತು ಖಾಲಿ ಉಳಿದಾವು? ದಸರಾ ರಜೆ, ಏಪ್ರಿಲ್-ಮೇ, ವರ್ಷದ ಕೊನೆಯ ವಾರದಲ್ಲಿ ಹೋಗುವವರು ಮೊದಲು ರೂಮು ಗಟ್ಟಿ ಮಾಡಿಕೊಂಡು ಆಮೇಲೆ ಉಳಿದದ್ದನ್ನು ಯೋಚಿಸಿ. ಬುಕ್ ಮಾಡುವಾಗ ಮೂರು ವಿಷಯ ಬಾಯಿಬಿಟ್ಟು ಕೇಳಿ: ಈ ದರದಲ್ಲಿ ಪಾರ್ಕ್ ಟಿಕೆಟ್ ಸೇರಿದೆಯೇ, ಬೆಳಗಿನ ತಿಂಡಿ ಸೇರಿದೆಯೇ, ಹೆಚ್ಚುವರಿ ಹಾಸಿಗೆಗೆ ಎಷ್ಟು. ಪಾರ್ಕ್ ಟಿಕೆಟ್ ಸೇರಿದ ಪ್ಯಾಕೇಜಿಗೂ ಬರೀ ರೂಮಿಗೂ ಇರುವ ವ್ಯತ್ಯಾಸ, ಎಂಟು ಜನರ ಕುಟುಂಬಕ್ಕೆ ಸಣ್ಣದಲ್ಲ.

ಇನ್ನು ದಾರಿ. ಕಾರಿನಲ್ಲಿ ಹೋಗುವವರಿಗೆ ಹೆಬ್ಬಾಳು, ಗುಯಿಲಾಳು, ಕರ್ಜೀವನಹಳ್ಳಿ ಅಂತ ಸಾಲಾಗಿ ಟೋಲ್ ಬರುತ್ತವೆ, ಫಾಸ್ಟ್ಯಾಗ್‌ನಲ್ಲಿ ದುಡ್ಡು ತುಂಬಿಸಿಕೊಂಡೇ ಹೊರಡಿ. ನೆಲಮಂಗಲ ದಾಟಿದ ಮೇಲೆ ಬೆಂಗಳೂರು ಊರೊಳಗೆ ಹೋಗಲೇಬೇಡಿ. ತುಮಕೂರು ರಸ್ತೆಯಲ್ಲಿ ಮಾದಾವರದ ಹತ್ತಿರ ನೈಸ್ ರಸ್ತೆ ಹಿಡಿದರೆ ನೇರ ಮೈಸೂರು ರಸ್ತೆಗೆ ತಲುಪಿಸುತ್ತದೆ. ಯಶವಂತಪುರ, ರಾಜಾಜಿನಗರ, ನಾಯಂಡಹಳ್ಳಿ ಟ್ರಾಫಿಕ್ಕಿನಲ್ಲಿ ಕಳೆಯುವ ಹೊತ್ತು ಪೂರ್ತಿ ಉಳಿಯುತ್ತದೆ. ನೈಸ್ ಟೋಲ್ ದುಬಾರಿ ಅಂತ ಭಾವ ಗೊಣಗಿದರು, ಆದರೆ ಆ ದುಡ್ಡು ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ. ಆ ಟೋಲಿಗೆ ಕೈಯಲ್ಲಿ ಸ್ವಲ್ಪ ನೋಟು, ಚಿಲ್ಲರೆ ಇಟ್ಟುಕೊಂಡಿರಿ.

ಮೈಸೂರು ರಸ್ತೆಗೆ ಬಂದ ಮೇಲೆ ಒಂದು ಎಚ್ಚರ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೇಕಾದಲ್ಲಿ ಇಳಿಯಲು ಬರುವುದಿಲ್ಲ. ಅದರ ಮೇಲೆ ಹತ್ತಿ ಆರಾಮಾಗಿ ಹೊರಟರೆ ಪಾರ್ಕಿನ ತಿರುವು ಪಕ್ಕದಲ್ಲೇ ದಾಟಿ ಹೋಗುತ್ತದೆ. ಕುಂಬಳಗೋಡು ಕಡೆಯಿಂದಲೇ ಸರ್ವಿಸ್ ರಸ್ತೆಯಲ್ಲಿ ಇದ್ದುಬಿಡಿ.

ರೈಲಿನಲ್ಲಿ ಹೋಗುವುದೂ ಈಗ ಸಲೀಸು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಂಥ ಗಾಡಿ ನಡುರಾತ್ರಿ ದಾಟಿದ ಮೇಲೆ ದಾವಣಗೆರೆಗೆ ಬಂದು ಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ. ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೊ. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಮೈಸೂರು ರಸ್ತೆಯ ಚಲ್ಲಘಟ್ಟದವರೆಗೂ ಓಡುತ್ತಿದೆ. ಅಲ್ಲಿಂದ ಮುಂದಕ್ಕೆ ಆಟೊ, ಕ್ಯಾಬ್ ಅಥವಾ ಬಸ್ಸು. ಬ್ಯಾಗುಗಳು ಹೆಚ್ಚಿದ್ದರೆ ಮಾತ್ರ ನಿಲ್ದಾಣದಿಂದಲೇ ಕ್ಯಾಬ್ ಮಾಡಿ. ಎರಡು ರಾತ್ರಿ ಉಳಿಯುವವರಿಗೆ ಧಾರವಾಡದಿಂದ ಮಧ್ಯಾಹ್ನ ಹೊರಡುವ ವಂದೇ ಭಾರತ್ ಸರಿಹೊಂದುತ್ತದೆ. ಅದು ದಾವಣಗೆರೆಯಲ್ಲಿ ನಿಲ್ಲುತ್ತದೆ, ರಾತ್ರಿ ಊಟದ ಹೊತ್ತಿಗೆ ಬೆಂಗಳೂರು.

ಯಾವಾಗ ಹೋಗಬೇಕು ಅನ್ನುವುದಕ್ಕೆ ಎಲ್ಲರೂ ಹೇಳುವ ಉತ್ತರ, ವಾರದ ದಿನ ಹೋಗಿ ಅಂತ. ಅರ್ಧ ಮಾತ್ರ ನಿಜ. ನವೆಂಬರ್‌ನಿಂದ ಜನವರಿವರೆಗೆ ರಾಜ್ಯದ ಶಾಲೆಗಳೆಲ್ಲ ಪ್ರವಾಸ ಹೊರಡುತ್ತವೆ, ಅವು ಹೊರಡುವುದು ವಾರದ ದಿನಗಳಲ್ಲೇ. ಡಿಸೆಂಬರ್‌ನ ಮಂಗಳವಾರ ಪಾರ್ಕಿಂಗಿನಲ್ಲಿ ಸಾಲು ಸಾಲು ಶಾಲಾ ಪ್ರವಾಸದ ಬಸ್ಸು ನಿಂತಿರುವುದು ನೋಡಿದರೆ ಭಾನುವಾರವೇ ವಾಸಿ ಅನ್ನಿಸೀತು. ನನ್ನ ಮಟ್ಟಿಗೆ ಒಳ್ಳೆಯ ಕಾಲ ಶಾಲೆ ಶುರುವಾದ ಮೇಲಿನ ಜೂನ್ ಕೊನೆ, ಜುಲೈ. ಆಗ ಶಾಲಾ ಪ್ರವಾಸಗಳೂ ಇಲ್ಲ, ರಜೆಯ ಜನವೂ ಇಲ್ಲ. ತುಂತುರು ಮಳೆ ಬಂದರೆ ಬರಲಿ, ಹೇಗೂ ನೆನೆಯಲಿಕ್ಕೇ ಹೋಗುವುದಲ್ಲವೇ. ಮಕ್ಕಳಿಗೆ ಎರಡು ದಿನ ಶಾಲೆ ತಪ್ಪುತ್ತದೆ, ವರ್ಷದ ಮೊದಲ ತಿಂಗಳಲ್ಲಿ ಅದು ದೊಡ್ಡ ನಷ್ಟವಲ್ಲ. ವಾರಾಂತ್ಯದ ಟಿಕೆಟ್ ದರವೂ ಹೆಚ್ಚು ಅನ್ನುವುದು ನೆನಪಿರಲಿ.

ಮಕ್ಕಳ ಟಿಕೆಟ್ಟಿಗೆ ಅಲ್ಲಿ ವಯಸ್ಸು ನೋಡುವುದಿಲ್ಲ, ಎತ್ತರ ನೋಡುತ್ತಾರೆ. 85 ಸೆಂಟಿಮೀಟರ್‌ಗಿಂತ ಕಡಿಮೆ ಇರುವ ಮಗುವಿಗೆ ಟಿಕೆಟ್ ಇಲ್ಲ. 85ರಿಂದ 140ರವರೆಗೆ ಮಕ್ಕಳ ದರ, ಅದಕ್ಕಿಂತ ಮೇಲೆ ದೊಡ್ಡವರ ದರ. ಹೊರಡುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ. ಬರೀ ದುಡ್ಡಿನ ವಿಷಯವಾಗಿ ಇದನ್ನು ಹೇಳುತ್ತಿಲ್ಲ. ದೊಡ್ಡ ರೈಡುಗಳಿಗೆ ಎತ್ತರದ ಮಿತಿ ಇದೆ, ಪ್ರತಿಯೊಂದರ ಬಾಗಿಲಲ್ಲೂ ಅಳತೆಪಟ್ಟಿ ಇಟ್ಟಿದ್ದಾರೆ. ವಾರವಿಡೀ ರೋಲರ್ ಕೋಸ್ಟರ್ ಕನಸು ಕಂಡ ಹುಡುಗನನ್ನು ಸಾಲಿನ ಕೊನೆಯಲ್ಲಿ ಎರಡು ಸೆಂಟಿಮೀಟರ್‌ಗಾಗಿ ವಾಪಸ್ ಕಳಿಸಿದರೆ ಆ ಅಳು ಇಡೀ ದಿನ ನಿಲ್ಲುವುದಿಲ್ಲ. ಮನೆಯಲ್ಲೇ ಅಳೆದು, ಯಾವುದು ನಿನಗೆ, ಯಾವುದು ಅಣ್ಣನಿಗೆ ಅಂತ ಮೊದಲೇ ಹೇಳಿಬಿಡಿ. ಬಿ.ಪಿ., ಹೃದಯದ ತೊಂದರೆ, ಬೆನ್ನುನೋವು ಇರುವವರು, ಬಸುರಿಯರು ದೊಡ್ಡ ರೈಡುಗಳ ಆಸೆ ಬಿಡಬೇಕು. ಅಲ್ಲಿಯ ಬೋರ್ಡುಗಳಲ್ಲಿ ಇದನ್ನೆಲ್ಲ ಬರೆದಿರುತ್ತಾರೆ, ಓದಿಯೇ ಒಳಗೆ ಹೋಗಿ.

ಬಟ್ಟೆಯ ವಿಷಯದಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಅಲ್ಲಿ ಹೋಗಿ ಪೇಚಾಡುವುದನ್ನು ಬಹಳ ನೋಡಿದ್ದೇನೆ. ಸೀರೆ, ಹತ್ತಿಯ ಚೂಡಿದಾರ್ ಉಟ್ಟು ನೀರಿಗೆ ಇಳಿಯಲು ಬಿಡುವುದಿಲ್ಲ. ನೈಲಾನ್ ಅಥವಾ ಸಿಂಥೆಟಿಕ್ ಬಟ್ಟೆಯೇ ಆಗಬೇಕು. ಹತ್ತಿ ಬಟ್ಟೆಯ ಎಳೆ ಬಿಟ್ಟು ನೀರು ಶೋಧಿಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ, ಉದ್ದ ಬಟ್ಟೆ ಜಾರುಬಂಡೆಯಲ್ಲಿ ಕಾಲಿಗೆ ತೊಡಕುತ್ತದೆ. ಪಾರ್ಕಿನ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಮ್ಮೂರ ಚೌಕಿಪೇಟೆಯಲ್ಲೇ ಮೈ ಮುಚ್ಚುವ ಉದ್ದ ತೋಳಿನ ಟೀ ಶರ್ಟು, ಮೊಣಕಾಲು ದಾಟುವ ಲೆಗ್ಗಿಂಗ್ಸ್ ತೆಗೆದುಕೊಂಡರೆ ಅಳತೆಯೂ ಸರಿ ಸಿಗುತ್ತದೆ, ಮನಸ್ಸಿಗೂ ಸಮಾಧಾನ. ಸರ, ಬಳೆ, ಓಲೆ ಎಲ್ಲ ಮನೆಯಲ್ಲೇ ಬಿಡಿ. ತಾಳಿ ತೆಗೆಯುವುದಿಲ್ಲ ಅನ್ನುವವರು ಬಂಗಾರದ ಸರದ ಬದಲು ಅರಿಶಿನ ದಾರದಲ್ಲಿ ಪೋಣಿಸಿ ಬನ್ನಿ. ಕನ್ನಡಕ ಹಾಕುವವರಿಗೆ ಹಿಂದೆ ಕಟ್ಟುವ ದಾರ ಬೇಕು. ಮೊಬೈಲು, ಪರ್ಸು ಬಾಡಿಗೆ ಲಾಕರಿನಲ್ಲಿ. ಮನೆಮಂದಿಗೆಲ್ಲ ಸೇರಿ ಒಂದೇ ದೊಡ್ಡ ಲಾಕರ್ ಸಾಕು, ಬೀಗದ ಕೈ ಮಾತ್ರ ನೀರಿಗೆ ಇಳಿಯದವರ ಹತ್ತಿರ ಇರಲಿ.

ಪಾರ್ಕಿನ ಒಳಗಿನ ದಿನವನ್ನು ಹೀಗೆ ಹಂಚಿಕೊಳ್ಳಿ. ಹನ್ನೊಂದರ ಹೊತ್ತಿಗೆ ಗೇಟು ತೆರೆದಾಗ ಜನ ಬಾಗಿಲ ಹತ್ತಿರದ ರೈಡುಗಳಿಗೇ ಮುಗಿಬೀಳುತ್ತಾರೆ. ನೀವು ನೇರ ರಿಕಾಯಿಲ್ ಕಡೆ ನಡೆಯಿರಿ. ಮುಂದಕ್ಕೆ ಓಡಿ ತಲೆಕೆಳಗಾಗಿ ಸುತ್ತಿ, ಅದೇ ಹಳಿಯ ಮೇಲೆ ಹಿಮ್ಮುಖವಾಗಿ ವಾಪಸ್ ಬರುವ ಕೋಸ್ಟರ್ ಅದು. ಮಧ್ಯಾಹ್ನ ಅಲ್ಲಿ ಉದ್ದ ಸಾಲಿರುತ್ತದೆ, ಮೊದಲ ಅರ್ಧ ಗಂಟೆಯಲ್ಲಿ ಸಲೀಸು. ಅಕ್ಕನ ಮಗ ಇಳಿದವನೇ ಮತ್ತೆ ಹೋಗಿ ಸಾಲಿನಲ್ಲಿ ನಿಂತ. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡೇ ಹೋಗಿ ಕಣ್ಣು ಮುಚ್ಚಿಕೊಂಡೇ ಬಂದಳು, ಆದರೂ ಖುಷಿಪಟ್ಟಳು. ಮಧ್ಯಾಹ್ನದವರೆಗೆ ಒಣ ರೈಡುಗಳು, ಬಿಸಿಲೇರಿದ ಮೇಲೆ ನೀರು. ಒಮ್ಮೆ ನೆನೆದರೆ ಮತ್ತೆ ಒಣ ರೈಡಿಗೆ ಬರುವ ಮನಸ್ಸೂ ಇರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಗಾಳಿಗೆ ಮೇಲೇರಿದರೆ ಚಳಿ. ವೇವ್ ಪೂಲಿನಲ್ಲಿ ಅಲೆ ಬಿಟ್ಟು ಬಿಟ್ಟು ಬರುತ್ತದೆ, ಸಣ್ಣ ಮಕ್ಕಳ ಕೈ ಬಿಡಬೇಡಿ. ಸಂಜೆ ಚಳಿಯೆನಿಸಿದಾಗ ರೈನ್ ಡಿಸ್ಕೊಗೆ ಹೋಗಿ, ಅಲ್ಲಿ ಬೀಳುವುದು ಬೆಚ್ಚಗಿನ ನೀರು.

ಫಾಸ್ಟ್ ಟ್ರ್ಯಾಕ್ ಟಿಕೆಟ್ ಬೇಕೇ ಅಂತ ಕೇಳುವವರಿದ್ದಾರೆ. ಸಾಲು ಬೇರೆಯಾಗುತ್ತದೆ, ದುಡ್ಡೂ ಜಾಸ್ತಿ. ಜೂನ್-ಜುಲೈಯ ವಾರದ ದಿನ ದಂಡ. ದಸರಾ ರಜೆಯಲ್ಲಿ ಹೋಗುವುದಾದರೆ ದೊಡ್ಡ ರೈಡು ಹತ್ತುವ ಹುಡುಗರಿಗೆ ಮಾತ್ರ ತೆಗೆಸಿ, ಸಣ್ಣವರಿಗೂ ಹಿರಿಯರಿಗೂ ಅದರಿಂದ ಏನೂ ಉಪಯೋಗವಿಲ್ಲ.

ಹಿರಿಯರನ್ನು ಬಿಟ್ಟು ಹೋಗಬೇಡಿ ಅಂತ ಕೇಳಿಕೊಳ್ಳುತ್ತೇನೆ. "ನಂಗ್ಯಾಕಪ್ಪ ಅದೆಲ್ಲ, ನೀವು ಹೋಗ್ಬನ್ನಿ" ಅಂತಲೇ ಅಮ್ಮನೂ ಶುರು ಮಾಡಿದ್ದು. ಅರವತ್ತು ದಾಟಿದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಇದೆ, ಆಧಾರ್ ಕಾರ್ಡ್ ತೋರಿಸಬೇಕು. ಅಮ್ಮ ಗೋಪುರದ ನೆತ್ತಿಯ ಮೇಲಿರುವ ಸ್ಕೈ ವೀಲ್ ಹತ್ತಿ ಸುತ್ತಲ ಬಯಲನ್ನೆಲ್ಲ ನೋಡಿದರು, ಮರದ ನೆರಳಿನಲ್ಲಿ ಕೂತು ಮೊಮ್ಮಕ್ಕಳ ಚಪ್ಪಲಿ ಕಾದರು, ಮೂರರ ಹೊತ್ತಿಗೆ ಸಾಕೆನಿಸಿ ರೂಮಿಗೆ ಹೋಗಿ ಮಲಗಿದರು. ಅದೇ ದೊಡ್ಡ ಅನುಕೂಲ. ಪಕ್ಕದಲ್ಲೇ ರೂಮು ಇಲ್ಲದಿದ್ದರೆ ಒಬ್ಬರಿಗೆ ಸುಸ್ತಾದರೆ ಎಂಟೂ ಜನ ಹೊರಡಬೇಕು. ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ತಲುಪಿದವರು ಬ್ಯಾಗುಗಳನ್ನು ರಿಸೆಪ್ಶನ್ನಿನಲ್ಲಿಟ್ಟು ಪಾರ್ಕಿಗೆ ಹೋಗಬಹುದು. ಒಮ್ಮೆ ಹೊರಬಂದವರನ್ನು ಮತ್ತೆ ಒಳಗೆ ಬಿಡುತ್ತಾರೆಯೇ ಅನ್ನುವುದನ್ನು ಆ ದಿನ ಗೇಟಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ.

ಊಟದ ಬುತ್ತಿ ಒಳಗೆ ಬಿಡುವುದಿಲ್ಲ. ಮಂಡಕ್ಕಿ, ಚಕ್ಕುಲಿ, ಚಪಾತಿ ಏನಿದ್ದರೂ ದಾರಿಯಲ್ಲೇ ಮುಗಿಸಬೇಕು. ಗೇಟಿಗೆ ಹೋಗುವ ಮೊದಲು ಬಿಡದಿಯವರೆಗೆ ಹೋಗಿ ತಟ್ಟೆ ಇಡ್ಲಿ ತಿಂದುಬಿಟ್ಟರೆ ಮಧ್ಯಾಹ್ನದ ಊಟದವರೆಗೆ ಹಸಿವಿಲ್ಲ. ಬೆಣ್ಣೆ ಹಾಕಿ ಕೊಡುತ್ತಾರೆ. ಬೆಣ್ಣೆಯ ವಿಷಯದಲ್ಲಿ ದಾವಣಗೆರೆಯವರು ಸುಲಭಕ್ಕೆ ಯಾರನ್ನೂ ಹೊಗಳುವುದಿಲ್ಲ, ನಾನು ಹೊಗಳುತ್ತಿದ್ದೇನೆ. ಒಳಗಿನ ಊಟ ಚೊಕ್ಕಟವಾಗಿದೆ, ದರ ಊರಿನ ಹೋಟೆಲಿನ ದರವಲ್ಲ. ಒಂದೂವರೆ ಗಂಟೆಗೆ ಎಲ್ಲರೂ ಊಟಕ್ಕೆ ಹೋಗುತ್ತಾರೆ, ನೀವು ಹನ್ನೆರಡೂಮುಕ್ಕಾಲಿಗೇ ಕೂತುಬಿಡಿ.

ಮರುದಿನ ವಾಪಸ್ ಬರುವಾಗ ಆತುರವಿರುವುದಿಲ್ಲ, ಆ ರಾತ್ರಿ ಉಳಿದದ್ದರ ಲಾಭವೇ ಅದು. ಚನ್ನಪಟ್ಟಣದ ಬೊಂಬೆ ನೋಡೋಣ ಅಂತ ಅಕ್ಕ ಹೇಳಿದರು. ಅದು ನಮ್ಮ ಊರಿಗೆ ತದ್ವಿರುದ್ಧ ದಿಕ್ಕು, ಅಲ್ಲಿಗೆ ಹೋದರೆ ಮತ್ತೆ ಕತ್ತಲಲ್ಲೇ ಹೆದ್ದಾರಿ. ಅದರ ಬದಲು ಹಿರಿಯೂರಿನ ಹತ್ತಿರ ವಾಣಿ ವಿಲಾಸ ಸಾಗರಕ್ಕೆ ತಿರುಗಿ. 1907ರಲ್ಲಿ ಕಟ್ಟಿ ಮುಗಿದ ಅಣೆಕಟ್ಟೆ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದದ್ದು 2022ರಲ್ಲಿ. ಚಿತ್ರದುರ್ಗ ಜಿಲ್ಲೆಯ ಬರ ಕಂಡವರಿಗೆ ಅಷ್ಟು ನೀರು ನೋಡುವುದೇ ದೊಡ್ಡ ಸಂತೋಷ, ಮಕ್ಕಳಿಗೂ ತೋರಿಸಿ.

ರೈಲಿನವರಿಗೆ ಕೊನೆಯದಾಗಿ ಒಂದು ವಿಷಯ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ರೂಮು ಅದಕ್ಕಿಂತ ಮೊದಲೇ ಹಾಕಿದ್ದರೆ, ರದ್ದು ಮಾಡಿದಾಗ ಎಷ್ಟು ಹಣ ವಾಪಸ್ ಬರುತ್ತದೆ ಅನ್ನುವುದನ್ನು ಓದಿಕೊಂಡಿರಿ. ರೂಮು, ರೈಲು ಎರಡೂ ಖಾತ್ರಿಯಾದ ಮೇಲೆ ಪಾರ್ಕ್ ಟಿಕೆಟ್ಟನ್ನು ಆನ್‌ಲೈನಿನಲ್ಲಿ ತೆಗೆದುಕೊಳ್ಳಿ. ಬೆಳಿಗ್ಗೆ ಕೌಂಟರಿನ ಸಾಲಿನಲ್ಲಿ ನಿಂತರೆ ರಿಕಾಯಿಲ್ ಖಾಲಿ ಇರುವ ಆ ಮೊದಲ ಅರ್ಧ ಗಂಟೆ ಅಲ್ಲೇ ಹೋಗುತ್ತದೆ.