ಆರು ನಂಬರ್ ಸೂಜಿ

ಬೈಯರ್‌ಗೆ ತೋರಿಸುವ ಮಾದರಿ ಉಡುಪು ತಯಾರಿಸುವ ನಮ್ಮ ಸ್ಯಾಂಪಲ್ ರೂಮಿನಲ್ಲಿ ನೀರಿನ ಕ್ಯಾನ್ ಪಕ್ಕದ ಮೊಳೆಗೆ ತಿಳಿಹಳದಿ ಬಣ್ಣದ ಒಂದು ಕಾರ್ಡಿಗನ್ ನೇತಾಡುತ್ತಿದೆ. ಅಗಲಕ್ಕೆ ಎಂಟು ವರ್ಷದ ಮಗು, ಉದ್ದಕ್ಕೆ ಎರಡು ವರ್ಷದ ಮಗು. ಹೊಸದಾಗಿ ಸೇರಿದ ಹುಡುಗಿಯರು "ಇದು ಯಾರಿಗಕ್ಕಾ?" ಅಂತ ಕೇಳಿದಾಗಲೆಲ್ಲ ಉಳಿದವರು ನನ್ನ ಕಡೆ ತಿರುಗಿ ನಗುತ್ತಾರೆ.

ಹೆಣೆದವಳು ನಾನೇ. ಮಡಿಕೇರಿಯ ಮಳೆಗಾಲದಲ್ಲಿ, ಹೊರಗೆ ಕಾಲಿಡಲಾಗದ ದಿನಗಳಲ್ಲಿ ಅಮ್ಮನ ಪಕ್ಕ ಕೂತು ಕಲಿತ ಕೈ ಇದು. ಸೀದಾ ಉಲ್ಟಾ ಕಣ್ಣು ಮುಚ್ಚಿಕೊಂಡು ಹಾಕುತ್ತೇನೆ ಅನ್ನುವ ಜಂಬ ಬೇರೆ.

ಹೋದ ಚಳಿಗಾಲಕ್ಕೆ ಹೊರದೇಶದ ಬೈಯರ್ ಕೊಟ್ಟ ಡಿಸೈನ್ ಅದು. ಎರಡು ವರ್ಷದ ಮಗುವಿಗೆ ರಾಗ್ಲಾನ್ (ಕಂಕುಳಿನಿಂದ ಕುತ್ತಿಗೆಯವರೆಗೆ ತೋಳು ಓರೆಯಾಗಿ ಕೂಡುವ) ಕಾರ್ಡಿಗನ್, ಎದೆಸುತ್ತು 60 ಸೆಂ.ಮೀ., ಐದು ಗುಂಡಿ. ಅಳತೆ, ವಿವರ ಎಲ್ಲ ಬರೆದ ಟೆಕ್ ಪ್ಯಾಕ್ ಹನ್ನೊಂದು ಪುಟ. ಲೇಬಲ್ ಕುತ್ತಿಗೆಯಿಂದ ಎಷ್ಟು ಕೆಳಗಿರಬೇಕು ಅನ್ನುವುದಕ್ಕೇ ಒಂದು ಇಡೀ ಪುಟ. ಸೂಜಿಯ ವಿಷಯಕ್ಕೆ ಮಾತ್ರ ಒಂದೇ ಅಂಕಿ: 6. ಅದರ ಕೆಳಗೆ ಸಣ್ಣಕ್ಷರದಲ್ಲಿ ಗೇಜ್, ಅಂದರೆ ಹೆಣಿಗೆ ಎಷ್ಟು ಬಿಗಿ ಇರಬೇಕು ಅನ್ನುವ ಲೆಕ್ಕ: 10 ಸೆಂ.ಮೀ.ಗೆ ಅಗಲಕ್ಕೆ 22 ಸ್ಟಿಚ್, ಉದ್ದಕ್ಕೆ 28 ರೋ (ಸಾಲು).

ಗೇಜ್ ಸರಿ ಬರುತ್ತದಾ ಅಂತ ಮೊದಲು ಹೆಣೆದು ನೋಡುವ ಚೌಕ, ಸ್ವಾಚ್, ಹಾಕಲಿಲ್ಲ. ನಾಲ್ಕು ದಿನದಲ್ಲಿ ಪೀಸ್ ಬೇಕು ಅಂದಿದ್ದರು, ಸ್ವಾಚಿಗೆ ಪೀಸ್ ರೇಟ್ ಇಲ್ಲ. ಅರ್ಧ ದಿನ ಪುಕ್ಕಟೆ ಕೂತು ಚೌಕ ಹೆಣೆಯಲು ನನಗೇನು ಹುಚ್ಚೇ? ಹಿಂದಿನ ವರ್ಷ ಇದೇ ಬೈಯರ್‌ದು 7 ನಂಬರಿನಲ್ಲಿ ಮಾಡಿದ್ದೆ, ತೊಂದರೆ ಆಗಿರಲಿಲ್ಲ. ಡಬ್ಬದಿಂದ 6 ತೆಗೆದೆ, 132 ಸ್ಟಿಚ್ ಏರಿಸಿದೆ, ಶುರು.

ಆ ನಾಲ್ಕು ದಿನವೂ ಬಟ್ಟೆ ನನಗೆ ಹೇಳುತ್ತಲೇ ಇತ್ತು. ಕಂಕುಳಿನವರೆಗೆ 20 ಸೆಂ.ಮೀ. ಬೇಕಿತ್ತು. ಗೇಜ್ ಪ್ರಕಾರ 56 ರೋ ಆಗಬೇಕು, ನನಗೆ 48ಕ್ಕೇ ಮುಗಿಯಿತು. ಕೈ ಚುರುಕಾಗಿದೆ ಅಂದುಕೊಂಡೆ. ನಡುವೆ ಟೇಪ್ ಹಿಡಿದದ್ದೂ ಉದ್ದಕ್ಕೆ ಮಾತ್ರ. ಅಗಲ ಸೂಜಿಯ ಮೇಲೆ ಮುದುರಿಕೊಂಡಿತ್ತು, ಅದನ್ನು ಯಾರು ಬಿಡಿಸಿ ನೋಡುತ್ತಾರೆ? ರಾಗ್ಲಾನ್ 34 ರೋಗೆ 12 ಸೆಂ.ಮೀ. ಬರಬೇಕಾದದ್ದು 14 ಬಂತು. ಈಗಿನ ಫ್ಯಾಷನ್ನೇ ದೊಗಳೆ ಅಂತ ಸಮಾಧಾನ ಮಾಡಿಕೊಂಡೆ. ಪಕ್ಕದವಳು ಮುಟ್ಟಿ ನೋಡಿ "ಎಷ್ಟು ಮೆತ್ತಗಿದೆ!" ಅಂದಾಗ ಹೊಗಳಿಕೆ ಅಂತಲೇ ತಗೊಂಡೆ.

ಹನ್ನೊಂದು ಗಂಟೆಗೆ ಬೈಯರ್ ಕಡೆಯವರು ಬರುವವರಿದ್ದರು. ಹತ್ತೂವರೆಗೆ ಕೊನೆಯ ಗುಂಡಿ ಹೊಲಿದು ಟೇಬಲ್ ಮೇಲೆ ಹರಡಿದೆ. ಸೂಪರ್‌ವೈಸರ್ ಟೇಪ್ ಇಟ್ಟರು. ಅರ್ಧ ಎದೆ 30 ಬರಬೇಕು. 36.5. ಟೇಪ್ ತಿರುವಿ ಇಂಚಿನ ಕಡೆ ನೋಡಿದರು, ಮತ್ತೆ ಸೆಂ.ಮೀ. ಕಡೆ ನೋಡಿದರು. ಡಮ್ಮಿಗೆ ಹಾಕಿ ನೋಡಿದರೆ ಎರಡೂ ಭುಜ ಜಾರಿ ಮೊಣಕೈ ಹತ್ತಿರ ಕೂತವು. ಯಾರೂ ಉಸಿರೆತ್ತಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು.

ಸುಮ್ಮನೆ ತಪ್ಪೊಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. "ಸ್ವಲ್ಪ ಸ್ಟೀಮ್ ಕೊಟ್ಟರೆ ಕೂಡಿಕೊಳ್ಳುತ್ತೆ ಮೇಡಂ" ಅಂದುಬಿಟ್ಟೆ. ನೂಲು ಹೆಚ್ಚುಕಮ್ಮಿ ಪೂರ್ತಿ ಅಕ್ರಿಲಿಕ್. ಅಕ್ರಿಲಿಕ್‌ಗೆ ಬಿಸಿ ತಗುಲಿಸಬಾರದು ಅಂತ ಅದೇ ರೂಮಿನಲ್ಲಿ ಹತ್ತು ಜನಕ್ಕೆ ಪಾಠ ಹೇಳಿದವಳು ನಾನು! ಉಗಿ ತಾಗಿದ್ದೇ ತಡ, ರಿಬ್‌ನ (ಅಂಚಿನ ಪಟ್ಟಿಪಟ್ಟಿ ಹೆಣಿಗೆಯ) ಬಿಗಿಯೆಲ್ಲ ಹೋಗಿ ಬಾರ್ಡರ್ ನೆನೆದ ಹಪ್ಪಳದ ಹಾಗೆ ಜೋತುಬಿತ್ತು. ಮತ್ತೆ ಅಳೆದಾಗ 38. ಸತ್ತ ನೂಲನ್ನು ಬಿಚ್ಚಿ ಇನ್ನೊಂದಕ್ಕೆ ಬಳಸೋಣ ಅಂದರೆ ಅದಕ್ಕೂ ಬರಲಿಲ್ಲ.

ಗುಟ್ಟು ಗೊತ್ತಾದದ್ದು ಸಂಜೆ, ತೂತುಗಳಿರುವ ಗೇಜ್ ತಗಡಿಗೆ ಸೂಜಿ ತೂರಿಸಿದಾಗ. ನಮ್ಮ ಹಳೇ ಅಲ್ಯೂಮಿನಿಯಂ ಸೂಜಿಗಳ ಮೇಲಿರುವುದು ಇಂಗ್ಲೆಂಡ್ ಲೆಕ್ಕ, ಅಲ್ಲಿ ನಂಬರ್ ಏರಿದಂತೆ ಸೂಜಿ ತೆಳ್ಳಗಾಗುತ್ತದೆ. ಬೈಯರ್ ಬರೆದದ್ದು ಅಮೆರಿಕದ ಲೆಕ್ಕ, ಅದು ಉಲ್ಟಾ, ನಂಬರ್ ಏರಿದಂತೆ ದಪ್ಪ. ಅವರ 6 ಅಂದರೆ 4 ಮಿ.ಮೀ., ನಮ್ಮ ಡಬ್ಬದ 6 ಅಂದರೆ 5 ಮಿ.ಮೀ. ಅದಕ್ಕೇ 10 ಸೆಂ.ಮೀ.ಗೆ 22ರ ಬದಲು 18 ಸ್ಟಿಚ್ ಬಂದದ್ದು. ಇವೆರಡು ಲೆಕ್ಕ ಒಂದಕ್ಕೊಂದು ಎದುರಾಗಿ ಬಂದು ಕೈಕುಲುಕುವುದು 7ರಲ್ಲಿ, ಎರಡೂ ಕಡೆ 4.5 ಮಿ.ಮೀ. ಹಿಂದಿನ ವರ್ಷ ನಾನು ಬಚಾವಾದದ್ದು ಆ ಏಳರ ದಯೆಯಿಂದ, ಕೈಚಳಕದಿಂದಲ್ಲ.

ಐದು ಉಂಡೆ ನೂಲಿನ ದುಡ್ಡು ನನ್ನ ಲೆಕ್ಕದಲ್ಲಿ ಮುರಿದುಕೊಂಡರು. ಬರೇ "6" ಅಂತ ಟೈಪ್ ಮಾಡಿದವರ ಸಂಬಳ ಮುರಿದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ. ಆದರೆ ಗೇಜ್ ಸಾಲು ಅದೇ ಪುಟದಲ್ಲಿತ್ತು, ನಾನು ಓದಿಯೂ ಇದ್ದೆ. ಹಾಗಾಗಿ ಜಗಳಕ್ಕೆ ಬಾಯಿ ಬರಲಿಲ್ಲ.

ಈಗ ಡಬ್ಬದ ಎಲ್ಲ ಸೂಜಿಗೂ ಮಿ.ಮೀ. ಬರೆದ ಟೇಪ್ ಚೂರು ಅಂಟಿಸಿದ್ದೇನೆ. ರೇಟ್ ಕೊಡಲಿ ಬಿಡಲಿ, 12 ಸೆಂ.ಮೀ. ಚೌಕ ಹೆಣೆದು, ಒಗೆದು, ಒಣಗಿಸಿ ಆಮೇಲೆ ಸ್ಟಿಚ್ ಏರಿಸುವುದು. ಅದೂ ನಡುವಿನ 10ರಲ್ಲಿ ಎಣಿಸುತ್ತೇನೆ, ಅಂಚು ಮೋಸ ಮಾಡುತ್ತೆ.

ಮೊನ್ನೆ ಹೊಸ ಟೆಕ್ ಪ್ಯಾಕ್ ಬಂತು. ಹದಿನಾಲ್ಕು ಪುಟ, ಸೂಜಿ: 8. ಮೇಲಿನ ಮಹಡಿಗೆ ಫೋನ್ ಮಾಡಿ "ಎಂಟು ಅಂದರೆ ಎಷ್ಟು ಮಿ.ಮೀ.?" ಅಂತ ಕೇಳಿದೆ.

"ಎಂಟು ಅಂದ್ರೆ ಎಂಟೇ, ಮೇಡಂ."